ಕುರಿ ಕೊಬ್ಬಿದರೆ ಯಾರಿಗೆ ಲಾಭ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಪಕ್ಕದ ಕ್ರೈಸ್ತ ಕುಟುಂಬದವರು ಹೊಸ ಮನೆ ಕಟ್ಟಿ ಒಕ್ಕಲಿಗೆ ಕರೆದಿದ್ದರು. ಹಾಲ್‌ನಲ್ಲಿ ಯೇಸು ಹೆಗಲ ಮೇಲೆ ಕುರಿಮರಿ ಹೊತ್ತ ದೊಡ್ಡ ಪಟ ಇತ್ತು. ಚೆನ್ನಾಗಿತ್ತು. ಆದರೆ ದೇವರು ಕುರುಬ, ಭಕ್ತರೆಲ್ಲ ಕುರಿಗಳು ಅಂದರೆ ನನಗೆ ಒಂಥರಾ ಅನ್ನಿಸುತ್ತದೆ. ನಮ್ಮಲ್ಲಿ ಯಾರನ್ನಾದರೂ ಕುರಿ ಅಂದರೆ ಅದು ಬೈಗುಳ. ಮೇಲಾಗಿ, ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅಂತ ಗಾದೆಯೇ ಇದೆ. ಕಾಯುವವನೇ ಕೊನೆಗೆ ಮಾರುತ್ತಾನೆ, ಅಲ್ವಾ? ಇಂಥ ಹೋಲಿಕೆಯಲ್ಲಿ ಅವರಿಗೆ ಅದೇನು ಸಮಾಧಾನ ಸಿಗುತ್ತದೆ?

ಉತ್ತರ: ನಿಮ್ಮ ಗಾದೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನೀವು ಕೇಳಿದ್ದನ್ನೇ ಬೈಬಲ್ ಕೂಡ ಕೇಳಿದೆ, ಅದೂ ನಿಮಗಿಂತ ಖಾರವಾಗಿ. ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಯೆಹೆಜ್ಕೇಲ ಅನ್ನುವ ಪ್ರವಾದಿಯ ಗ್ರಂಥ ಇದೆ. ಅದರ 34ನೇ ಅಧ್ಯಾಯದಲ್ಲಿ ಕುರುಬರಿಗೆ ಮಂಗಳಾರತಿಯೇ ಆಗುತ್ತದೆ. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ಮೈ ತುಂಬಿಕೊಂಡಿದ್ದನ್ನು ಕೊಯ್ದಿರಿ, ಹಿಂಡನ್ನು ಮಾತ್ರ ಮೇಯಿಸಲಿಲ್ಲ. ಸೊರಗಿದ್ದಕ್ಕೆ ಬಲ ಕೊಡಲಿಲ್ಲ, ಮೂಳೆ ಮುರಿದದ್ದಕ್ಕೆ ಪಟ್ಟಿ ಕಟ್ಟಲಿಲ್ಲ, ತಪ್ಪಿಸಿಕೊಂಡಿದ್ದನ್ನು ಹುಡುಕಲಿಲ್ಲ. ಮಾತು ಹೀಗೇ ಹೋಗುತ್ತದೆ. ನಿಮ್ಮ ಗಾದೆಯೇ ಇಲ್ಲಿ ಆರೋಪಪಟ್ಟಿ ಆಗಿದೆ ಅನ್ನಬಹುದು.

ಇಲ್ಲಿ ಬೈಸಿಕೊಳ್ಳುತ್ತಿರುವವರು ನಿಜವಾಗಿ ಕುರಿ ಕಾಯುವವರಲ್ಲ, ಆಳುವವರು. ಆ ಕಾಲದ ಪಶ್ಚಿಮ ಏಷ್ಯಾದಲ್ಲಿ ಕುರುಬ ಅನ್ನುವುದು ರಾಜರ ಬಿರುದು. ಬ್ಯಾಬಿಲೋನಿನ ಹಮ್ಮುರಾಬಿ, ಕ್ರಿಸ್ತಪೂರ್ವ 18ನೇ ಶತಮಾನದವನು, ತನ್ನ ಪ್ರಸಿದ್ಧ ಕಾನೂನು ಕೆತ್ತಿಸಿದ ಕಲ್ಲಿನ ಪೀಠಿಕೆಯಲ್ಲೇ ತಾನು ಜನರ ಕುರುಬ ಅಂತ ಹೇಳಿಕೊಂಡಿದ್ದಾನೆ. ಈಜಿಪ್ಟಿನ ಫೇರೋಗಳ ಪ್ರತಿಮೆ ನೋಡಿ, ಎದೆಗೆ ಒತ್ತಿಹಿಡಿದ ಒಂದು ಕೈಯಲ್ಲಿ ಬಾಗಿದ ತುದಿಯ ಕುರುಬನ ಕೋಲು ಇರುತ್ತದೆ. ಈಗ ಚುನಾವಣೆ ಬಂದಾಗ ಫ್ಲೆಕ್ಸ್‌ನಲ್ಲಿ ಬಡವರ ಬಂಧು, ಅಭಿವೃದ್ಧಿಯ ಹರಿಕಾರ ಅಂತ ಹಾಕಿಸಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಆ ಥರದ್ದು. ಯೆಹೆಜ್ಕೇಲ ಆ ಫ್ಲೆಕ್ಸನ್ನೇ ಹಿಡಿದು ಲೆಕ್ಕ ಕೇಳುತ್ತಾನೆ. ಅವನು ಸ್ವತಃ ಬ್ಯಾಬಿಲೋನಿಗೆ ಸೆರೆ ಹೋಗಿದ್ದವನು. ತನ್ನ ಜನರ ರಾಜಧಾನಿ ಜೆರುಸಲೇಮ್ ಶತ್ರುಗಳ ಕೈಗೆ ಬಿತ್ತು ಅನ್ನುವ ಸುದ್ದಿ ಅವನ ಗ್ರಂಥದಲ್ಲಿ ಬರುವುದು 33ನೇ ಅಧ್ಯಾಯದಲ್ಲಿ, ಅದರ ಮುಂದಿನದೇ ಈ ಅಧ್ಯಾಯ. ಊರು ಹಾಳಾಗಿದೆ, ಜನ ಚದುರಿಹೋಗಿದ್ದಾರೆ, ಇದಕ್ಕೆ ಹೊಣೆ ಯಾರು? ದೇವರ ಬಾಯಿಂದ ಬರುವ ಉತ್ತರ ಎರಡು ಭಾಗದ್ದು. ಒಂದು, ನನ್ನ ಕುರಿಗಳ ಲೆಕ್ಕವನ್ನು ಈ ಕುರುಬರ ಕೈಯಿಂದ ಕೇಳುತ್ತೇನೆ. ಎರಡು, ಇನ್ನು ಇವರು ಬೇಡ, ನಾನೇ ಹುಡುಕುತ್ತೇನೆ.

ದೇವರು ಕುರುಬ ಅನ್ನುವ ಮಾತು ಬೈಬಲ್‌ನಲ್ಲಿ ಬರೀ ಮೃದುವಾದ ಭಕ್ತಿಗೀತೆಯಾಗಿ ಬಂದದ್ದಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಅಧಿಕಾರದಲ್ಲಿದ್ದವರು ಕೈಕೊಟ್ಟ ಮೇಲಿನ ಸಿಟ್ಟು ಅದರಲ್ಲಿ ಇದೆ. ಆ ಚಿತ್ರ ಅಳೆಯುವುದು ಕುರುಬನನ್ನು. ಕುರಿ ಜಾಣನೋ ಪೆದ್ದೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಒಂದು ಕಳೆದುಹೋದರೆ ನಷ್ಟ ಯಾರ ತಲೆ ಮೇಲೆ, ಅದು ಪ್ರಶ್ನೆ.

ಈ ನಷ್ಟದ ವಿಷಯ ಆ ಸಮಾಜದಲ್ಲಿ ಬಹಳ ಖಚಿತವಾಗಿತ್ತು. ಬೇರೆಯವರ ಕುರಿಯನ್ನು ಕಾಯುವುದಕ್ಕೆ ತೆಗೆದುಕೊಂಡವನು ಪ್ರತಿಯೊಂದಕ್ಕೂ ಉತ್ತರ ಕೊಡಬೇಕು. ಕಾಡುಪ್ರಾಣಿ ಸೀಳಿಹಾಕಿದರೆ ಉಳಿದದ್ದನ್ನು ಸಾಕ್ಷಿಯಾಗಿ ತಂದು ತೋರಿಸಬೇಕು, ಆಗ ದಂಡ ಇಲ್ಲ. ಬೈಬಲ್‌ನ ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿ ಈ ನಿಯಮ ಇದೆ. ಇದು ಗೊತ್ತಿದ್ದರೆ ಮಾತ್ರ ಪ್ರವಾದಿ ಆಮೋಸ ಹೇಳುವ ಒಂದು ಸಾಲು ಅರ್ಥವಾಗುತ್ತದೆ. ಸಿಂಹದ ಬಾಯಿಂದ ಕುರುಬ ಎರಡು ಕಾಲನ್ನೋ ಕಿವಿಯ ಒಂದು ಚೂರನ್ನೋ ಕಿತ್ತು ತರುವ ಹಾಗೆ, ಅಂತ. ಕಿವಿಯ ಚೂರು! ಆ ಕುರಿ ಹೋಗಿಯಾಯಿತು, ಅದರಿಂದ ಇನ್ನೇನೂ ಪ್ರಯೋಜನ ಇಲ್ಲ. ಆದರೂ ಅವನು ಸಿಂಹದ ಹತ್ತಿರ ಹೋಗಿದ್ದಾನೆ ಅನ್ನುವುದಕ್ಕೆ ಆ ಚೂರೇ ಪುರಾವೆ. ಆಮೋಸ ಇದನ್ನು ಹೇಳುವುದು ಭೀಕರವಾದ ಎಚ್ಚರಿಕೆಯಾಗಿ, ಸಮಾಧಾನಕ್ಕಲ್ಲ. ಆದರೆ ಕುರಿ ಕಾಯುವ ಕೆಲಸ ಹೇಗಿತ್ತು ಅಂತ ಇಷ್ಟು ಹತ್ತಿರದಿಂದ ತೋರಿಸುವ ಸಾಲು ಇನ್ನೊಂದಿಲ್ಲ. ಅವನೂ ತೆಕೋವ ಅನ್ನುವ ಊರಿನ ಕುರಿ ಕಾಯುವವರ ಪೈಕಿಯವನೇ.

ಇಸ್ರಾಯೇಲ್ಯರ ಮೂಲಪುರುಷ ಯಾಕೋಬನ ದೂರು ಇನ್ನೂ ಚೆನ್ನಾಗಿದೆ. ಮಾವ ಲಾಬಾನನ ಹಿಂಡನ್ನು ಇಪ್ಪತ್ತು ವರ್ಷ ಕಾಯ್ದು, ಕೊನೆಗೆ ಜಗಳ ಆದಾಗ ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕುತ್ತಾನೆ. ಪ್ರಾಣಿ ಸೀಳಿದ್ದನ್ನು ನಿನ್ನ ಹತ್ತಿರ ತರಲಿಲ್ಲ, ನಷ್ಟ ನಾನೇ ಹೊತ್ತೆ. ಹಗಲು ಕಳವಾದರೂ ರಾತ್ರಿ ಕಳವಾದರೂ ನನ್ನಿಂದಲೇ ವಸೂಲಿ ಮಾಡಿದೆ. ಹಗಲೆಲ್ಲ ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಇದು ಆದಿಕಾಂಡ 31ನೇ ಅಧ್ಯಾಯ. ಪಟದಲ್ಲಿ ಯೇಸುವಿನ ಬಟ್ಟೆ ಬೆಳ್ಳಗೆ ಹೊಳೆಯುತ್ತಿರುತ್ತದೆ, ಕೂದಲು ಬಾಚಿರುತ್ತದೆ. ಅದನ್ನು ನೋಡುವಾಗ ಯಾಕೋಬನ ಈ ಮಾತನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ನಮ್ಮ ಮಲೆನಾಡಿನವರಿಗೆ ಈ ಚಿತ್ರ ಸುಲಭವಾಗಿ ಒಳಗೆ ಇಳಿಯುವುದಿಲ್ಲ, ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಕುರಿಯೇ ಕಡಿಮೆ. ಮಳೆಗಾಲದ ಕೆಸರಿನಲ್ಲಿ ಗೊರಸು ಕೊಳೆಯುತ್ತದೆ, ಕುರಿ ಬಾಳುವುದಿಲ್ಲ. ಕೊಟ್ಟಿಗೆಯಲ್ಲಿ ದನ ಕಟ್ಟಿ ಬೆಳೆದವರು ನಾವು. ಹಸಿರಿಗಂತೂ ಬರವಿಲ್ಲ. ಹಾಗಾಗಿ ಬೈಬಲ್‌ನ 23ನೇ ಕೀರ್ತನೆಯಲ್ಲಿ ದೇವರು ಹಸಿರು ಹುಲ್ಲುಗಾವಲಿನಲ್ಲಿ ಮಲಗಿಸುತ್ತಾನೆ, ತಿಳಿನೀರಿನ ಬಳಿಗೆ ಕರೆದೊಯ್ಯುತ್ತಾನೆ ಅಂತ ಓದಿದರೆ, ಅದರಲ್ಲೇನು ವಿಶೇಷ, ಮನೆ ಹಿಂದೆಯೇ ಇದೆಯಲ್ಲ ಅನ್ನಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ಜೆರುಸಲೇಮಿನಲ್ಲಿ 550ರ ಹತ್ತಿರ, ಅದೂ ಚಳಿಗಾಲದಲ್ಲಿ ಮಾತ್ರ. ಅಲ್ಲಿಂದ ಪೂರ್ವಕ್ಕೆ ಮೃತ ಸಮುದ್ರದ ಕಡೆ ಇಳಿದರೆ 100 ಕೂಡ ಬೀಳುವುದಿಲ್ಲ. ಈ ಕೀರ್ತನೆ ಯಾರ ಹೆಸರಿನಲ್ಲಿದೆಯೋ ಆ ದಾವೀದ ರಾಜನ ಊರು ಬೆತ್ಲೆಹೇಮ್ ಇರುವುದು ಆ ಒಣನೆಲದ ಅಂಚಿನಲ್ಲಿ. ಅಲ್ಲಿ ಹಸಿರು ಅಂದರೆ ಎಲ್ಲಿದೆ ಅಂತ ಗೊತ್ತಿದ್ದವನು ಕರೆದುಕೊಂಡು ಹೋಗಬೇಕು. ಕುರಿ ತಾನಾಗಿ ಹುಡುಕಿಕೊಂಡರೆ ಸಿಗುವಂಥದ್ದಲ್ಲ. ಅದೇ ಕೀರ್ತನೆಯಲ್ಲಿ ಬರುವ ಸಾವಿನ ನೆರಳಿನ ಕಣಿವೆ ಅನ್ನುವುದೂ ಕವಿಯ ಅಲಂಕಾರ ಅಂತ ತಳ್ಳಿಹಾಕುವಂತಿಲ್ಲ, ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ಹಾದಿಯಲ್ಲಿ ಮಧ್ಯಾಹ್ನ ಕಳೆದರೆ ಬಿಸಿಲು ತಲುಪದ ಇಕ್ಕಟ್ಟಾದ ಕೊರಕಲುಗಳಿವೆ.

ಹತ್ತಿರದಲ್ಲೇ ನೋಡಬೇಕೆಂದರೆ ತೀರ್ಥಹಳ್ಳಿ ಬಿಟ್ಟು ಶಿಕಾರಿಪುರದ ಕಡೆಗೆ ಬನ್ನಿ. ಭತ್ತದ ಕೊಯ್ಲು ಮುಗಿದ ಮೇಲೆ ಬಯಲುಸೀಮೆಯಿಂದ ಕುರಿ ಹಿಂಡುಗಳು ಬರುತ್ತವೆ. ಗದ್ದೆಯವರು ದುಡ್ಡೋ ಕಾಳೋ ಕೊಟ್ಟು ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರ ಆಗುತ್ತದೆ ಅಂತ. ಸಂಜೆ ಹೊತ್ತಿಗೆ ಹೋಗಿ ಸುಮ್ನೆ ನಿಂತು ನೋಡಿ. ಕುರಿಗಳು ಬೇಲಿಯೊಳಗೆ ಹೋಗುವಾಗ ಕಾಯುವವನ ಕಣ್ಣು ಒಂದೊಂದರ ಮೇಲೂ ಹಾದುಹೋಗುತ್ತದೆ. ಕುಂಟುವುದು ಯಾವುದು, ಮರಿ ಹಾಕುವುದಕ್ಕೆ ಹತ್ತಿರ ಬಂದದ್ದು ಯಾವುದು, ಅವನಿಗೆ ಗೊತ್ತು. ನಮ್ಮ ಕಣ್ಣಿಗೆ ಎಲ್ಲ ಒಂದೇ ಥರ. ಅಮ್ಮನನ್ನು ಕಾಣದೆ ಅರಚುವ ಮರಿಯನ್ನು ಎತ್ತಿ, ಅದೆಷ್ಟೋ ಕುರಿಗಳ ನಡುವೆ ನುಗ್ಗಿ, ಸರಿಯಾದ ತಾಯಿಯ ಕಾಲು ಹಿಡಿದು ನಿಲ್ಲಿಸಿ, ಮರಿಯ ಬಾಯಿಗೆ ಮೊಲೆ ಕೊಡಿಸುತ್ತಾನೆ. ಕಂಬಳಿ ಹೊದ್ದು ಮಲಗುವುದು ಅಲ್ಲೇ, ಪಕ್ಕದಲ್ಲಿ ನಾಯಿ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಗ್ರಂಥಗಳಲ್ಲಿ ಒಂದಾದ ಯೊವಾನ್ನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ತಾನು ಒಳ್ಳೆಯ ಕುರುಬ ಅನ್ನುವುದಕ್ಕೂ ಮುಂಚೆ ನಾನೇ ಕುರಿಹಟ್ಟಿಯ ಬಾಗಿಲು ಅನ್ನುತ್ತಾನೆ. ಕುರುಬ ಮತ್ತು ಬಾಗಿಲು ಎರಡೂ ಒಬ್ಬನೇ ಹೇಗೆ ಅಂತ ಓದುಗರು ತಡವರಿಸುತ್ತಾರೆ. ಹಟ್ಟಿಯ ಬಾಯಿಗೆ ಅಡ್ಡಲಾಗಿ ಕುರುಬನೇ ಮಲಗುತ್ತಿದ್ದ ಅಂತ ವಿವರಿಸುವವರಿದ್ದಾರೆ. ಆ ಊರಿನ ಮಟ್ಟಿಗೆ ಅದು ಎಷ್ಟು ಸರಿಯೋ, ಇಲ್ಲಿ ಗದ್ದೆಬಯಲಿನಲ್ಲಿ ನೋಡಿದವರಿಗಂತೂ ಅದರಲ್ಲಿ ಗೊಂದಲ ಏನೂ ಕಾಣುವುದಿಲ್ಲ.

ಅದೇ ಅಧ್ಯಾಯದಲ್ಲಿ ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅವು ಅವನ ದನಿ ಗುರುತಿಸುತ್ತವೆ ಅನ್ನುವ ಮಾತೂ ಇದೆ. ಇದು ನಮಗೆ ಹೊಸದಲ್ಲ. ಪುಣ್ಯಕೋಟಿ ಕತೆಯ ಗೊಲ್ಲ ಕಾಳಿಂಗನೂ ಹಸುಗಳನ್ನು ಒಂದೊಂದೇ ಹೆಸರು ಹಿಡಿದು ಕರೆಯುತ್ತಾನೆ. ಆದರೆ ಮುಂದೆ ದಾರಿ ಬೇರೆಯಾಗುತ್ತದೆ. ಹುಲಿ ಅಡ್ಡ ಬಂದಾಗ ಗೊಲ್ಲ ಅಲ್ಲಿಲ್ಲ. ಹುಲಿಗೆ ಮಾತು ಕೊಟ್ಟು, ಮಾತಿನಂತೆ ವಾಪಸ್ ಹೋಗಿ ನಿಲ್ಲುವುದು ಹಸುವೇ. ನಾವು ಕಣ್ಣೀರು ಹಾಕುವುದು ಹಸುವಿನ ಸತ್ಯಕ್ಕೆ. ಯೊವಾನ್ನನಲ್ಲಿ ತೋಳ ಬಂದಾಗ ಕುರಿಯ ಗುಣ ಏನು ಅಂತ ಯಾರೂ ಕೇಳುವುದಿಲ್ಲ. ಕೂಲಿಯವನು ಓಡಿಹೋಗುತ್ತಾನೆ, ಯಾಕೆಂದರೆ ಕುರಿ ಅವನದಲ್ಲ. ಒಳ್ಳೆಯ ಕುರುಬ ನಿಲ್ಲುತ್ತಾನೆ, ಪ್ರಾಣ ಕೊಡುತ್ತಾನೆ. ನನ್ನ ಮಟ್ಟಿಗೆ ಇದೇ ನಿಮ್ಮ ಗಾದೆಗೆ ಸಿಗುವ ನೇರ ಉತ್ತರ. ಲೋಕದಲ್ಲಿ ಕುರುಬನಿಗಾಗಿ ಕುರಿ ಸಾಯುತ್ತದೆ. ಇಲ್ಲಿ ಕುರಿಗಾಗಿ ಕುರುಬ ಸಾಯುತ್ತಾನೆ. ಕೇಳುತ್ತಿದ್ದವರಿಗೆ ಇದು ಲೆಕ್ಕ ತಪ್ಪಿದ ಮಾತಿನ ಹಾಗೆ ಕೇಳಿಸಿರಲೇಬೇಕು. ಅದೇ ಅಧ್ಯಾಯದಲ್ಲಿ, ಇವನಿಗೆ ದೆವ್ವ ಹಿಡಿದಿದೆ, ಬುದ್ಧಿ ಕೆಟ್ಟಿದೆ ಅಂತ ಕೆಲವರು ಹೇಳಿದರು ಅಂತಲೂ ಇದೆ.

ಇನ್ನೂ ಒಂದು ತಿರುವು ಇದೆ. ಅದೇ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಸ್ನಾನಿಕ ಯೊವಾನ್ನ (ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಪ್ರವಾದಿ, ಸುವಾರ್ತೆಯ ಯೊವಾನ್ನ ಬೇರೆ) ಯೇಸುವನ್ನು ತೋರಿಸಿ ದೇವರ ಕುರಿಮರಿ ಅನ್ನುತ್ತಾನೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ರಾತ್ರಿ ಯೆಹೂದ್ಯರು ಮರಿ ಕೊಯ್ದು ಅದರ ರಕ್ತವನ್ನು ಬಾಗಿಲಿನ ಚೌಕಟ್ಟಿಗೆ ಹಚ್ಚಿದ ನೆನಪು ಅದರ ಹಿಂದೆ ಇದೆ. ಬೈಬಲ್‌ನ ಕೊನೆಯ ಗ್ರಂಥ ಪ್ರಕಟನೆಯ 7ನೇ ಅಧ್ಯಾಯಕ್ಕೆ ಬಂದರೆ ಎರಡೂ ಸೇರಿಕೊಳ್ಳುತ್ತವೆ, ಕುರಿಮರಿಯೇ ಅವರ ಕುರುಬನಾಗಿ ನೀರಿನ ಬುಗ್ಗೆಗಳ ಹತ್ತಿರ ನಡೆಸುತ್ತದೆ ಅಂತ. ಹಾಗಾಗಿ ಕುರಿ ಅನ್ನುವುದು ಭಕ್ತರಿಗೆ ಮೇಲಿನಿಂದ ಅಂಟಿಸಿದ ಕೀಳು ಹೆಸರು ಅನ್ನುವುದಕ್ಕೆ ಆಗುವುದಿಲ್ಲ. ಆ ಹೆಸರನ್ನು ಕ್ರಿಸ್ತನೂ ಹೊತ್ತಿದ್ದಾನೆ.

ಬೈಗುಳದ ವಿಷಯಕ್ಕೆ ನಮ್ಮದೇ ಜಿಲ್ಲೆಯ ಸಾಕ್ಷಿ ಬೇಕಾದರೆ ಬಳ್ಳಿಗಾವಿ ಇದೆ. 11, 12ನೇ ಶತಮಾನದಲ್ಲಿ ಅಲ್ಲಿನ ಕೇದಾರೇಶ್ವರ ದೇವಸ್ಥಾನ ಮತ್ತು ಕೋಡಿಯ ಮಠ ಕಾಳಾಮುಖ ಶೈವರ ದೊಡ್ಡ ಕೇಂದ್ರ. ಪಾಶುಪತ ಪರಂಪರೆಯವರು ಅವರು. ಆ ಪರಂಪರೆಯಲ್ಲಿ ಜೀವ ಅಂದರೆ ಪಶು, ಶಿವ ಪಶುಪತಿ. ಯಾರಿಗೂ ಅವಮಾನ ಅನ್ನಿಸಲಿಲ್ಲ! ವ್ಯತ್ಯಾಸ ಮಾತ್ರ ಇದೆ, ಅದು ನನಗೆ ಬಹಳ ಇಷ್ಟವಾದ ವ್ಯತ್ಯಾಸ. ಶೈವರ ಪಶು ಪಾಶದಲ್ಲಿ ಕಟ್ಟಿಹಾಕಿಕೊಂಡಿದೆ, ಕಷ್ಟ ಇರುವುದು ಹಗ್ಗದಲ್ಲಿ, ಒಡೆಯ ಬಂದು ಬಿಚ್ಚಬೇಕು. ಬೈಬಲ್‌ನ ಕುರಿಗೆ ಹಗ್ಗವೇ ಇಲ್ಲ. ಅದರ ಕಷ್ಟ ತಪ್ಪಿಸಿಕೊಳ್ಳುವುದು. ಮೇಯುತ್ತ ಮೇಯುತ್ತ ತಲೆ ಎತ್ತುವಷ್ಟರಲ್ಲಿ ಹಿಂಡು ಎಲ್ಲೋ ಹೋಗಿರುತ್ತದೆ. ಅದನ್ನು ಬಿಡಿಸುವ ಅಗತ್ಯ ಇಲ್ಲ, ಹುಡುಕಬೇಕು.

ಆ ಹುಡುಕುವ ಕತೆ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಇದೆ, ನೀವು ನೋಡಿದ ಪಟಕ್ಕೆ ಮೂಲ ಅದೇ. ನೂರು ಕುರಿಯಲ್ಲಿ ಒಂದು ತಪ್ಪಿದೆ. ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಹುಡುಕಿ ಹೋಗುತ್ತಾನೆ, ಸಿಕ್ಕಿದ ಕೂಡಲೇ ಹೆಗಲ ಮೇಲೆ ಹಾಕಿಕೊಂಡು ಬಂದು ನೆರೆಹೊರೆಯವರನ್ನೆಲ್ಲ ಕರೆಯುತ್ತಾನೆ. ಸುಂಕ ವಸೂಲಿಯವರ ಜೊತೆ, ಪಾಪಿಗಳು ಅನ್ನಿಸಿಕೊಂಡವರ ಜೊತೆ ಕೂತು ಊಟ ಮಾಡುತ್ತಾನೆ ಅಂತ ಧರ್ಮಶಾಸ್ತ್ರಿಗಳು ಗೊಣಗಿದಾಗ ಯೇಸು ಹೇಳಿದ ಕತೆ ಇದು. ಅದೇ ಕತೆ ಮತ್ತಾಯನ 18ನೇ ಅಧ್ಯಾಯದಲ್ಲಿ ಶಿಷ್ಯರಿಗೆ ಹೇಳಿದ್ದಾಗಿ ಬರುತ್ತದೆ, ಚಿಕ್ಕವರನ್ನು ಕಡೆಗಣಿಸಬೇಡಿ ಅಂತ. ಅಂದರೆ ಒಂದು ಕಡೆ ಹೊರಗಿನ ಟೀಕಾಕಾರರಿಗೆ, ಇನ್ನೊಂದು ಕಡೆ ಒಳಗಿನ ಹಿರಿಯರಿಗೆ. ಹೊರುವುದೂ ಚಿಕ್ಕ ಮಾತಲ್ಲ. ಪಟದಲ್ಲಿ ಮುದ್ದಾದ ಮರಿ ಹಾಕುತ್ತಾರೆ, ಕತೆಯಲ್ಲಿ ಇರುವುದು ಕುರಿ. ಆ ಕಡೆಯ ದಪ್ಪಬಾಲದ ಅವಾಸಿ ತಳಿಯ ಬೆಳೆದ ಕುರಿ 40 ಕೆಜಿ ದಾಟುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪದೇಪದೇ ತಪ್ಪಿಸಿಕೊಳ್ಳುವ ಮರಿಯ ಕಾಲನ್ನು ಕುರುಬನೇ ಮುರಿದು, ಗುಣವಾಗುವ ತನಕ ಹೊತ್ತು ತಿರುಗಿ ಅದಕ್ಕೆ ಬುದ್ಧಿ ಕಲಿಸುತ್ತಾನೆ, ದೇವರು ಕಷ್ಟ ಕೊಡುವುದೂ ಹಾಗೇ ಅಂತ ಒಂದು ಕತೆ ಪ್ರಸಂಗಗಳಲ್ಲಿ, ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಬೈಬಲ್‌ನಲ್ಲಿ ಎಲ್ಲಿಯೂ ಅದು ಇಲ್ಲ. ದಿನಾ ಮೈಲುಗಟ್ಟಲೆ ನಡೆಯುವ ಹಿಂಡಿನ ಮರಿಯ ಕಾಲನ್ನು ಯಾವ ಕುರುಬ ತಾನಾಗಿ ಮುರಿಯುತ್ತಾನೆ? ಯೆಹೆಜ್ಕೇಲನಲ್ಲಿ ಕಾಲು ಮುರಿದದ್ದಕ್ಕೆ ಪಟ್ಟಿ ಕಟ್ಟುವವನು ದೇವರು. ಈ ಕತೆ ಅದನ್ನು ಪೂರ್ತಿ ಉಲ್ಟಾ ಮಾಡುತ್ತದೆ. ಕೇಳಿದರೆ ನಂಬಬೇಡಿ.

ಪಟದ ಇತಿಹಾಸ ಸ್ವಲ್ಪ. ಕ್ರೈಸ್ತರು ಬರೆದ ಅತಿ ಹಳೆಯ ಚಿತ್ರಗಳಲ್ಲಿ ಶಿಲುಬೆಗಿಂತ ಈ ಕುರುಬನೇ ಜಾಸ್ತಿ. ರೋಮಿನ ನೆಲದಡಿಯ ಸಮಾಧಿಗಳಲ್ಲಿ 3ನೇ ಶತಮಾನದ ಹೊತ್ತಿನವು ಇವೆ, ಸಿರಿಯಾದ ದೂರಾ ಯೂರೋಪೋಸ್‌ನ ಒಂದು ಮನೆ-ಚರ್ಚಿನಲ್ಲೂ ಇತ್ತು. ಅಲ್ಲಿ ಗಡ್ಡ ಇಲ್ಲದ ಹುಡುಗ, ಮೊಣಕಾಲಿನ ತನಕದ ಅಂಗಿ. ಕುರಿ ಹೊತ್ತ ಯುವಕನ ಆ ಮಾದರಿ ಗ್ರೀಕರಲ್ಲಿ ಮೊದಲೇ ಇತ್ತು, ಕ್ರೈಸ್ತರು ಅದನ್ನು ತಮ್ಮದು ಮಾಡಿಕೊಂಡರು. ನನಗೆ ಅದಕ್ಕಿಂತ ಹಿಡಿಸುವುದು 17ನೇ ಶತಮಾನದಲ್ಲಿ ಗೋವಾದ ಶಿಲ್ಪಿಗಳು ದಂತದಲ್ಲಿ ಕೆತ್ತಿದ ಕುರುಬ. ಗುಡ್ಡದ ಹಾಗೆ ಮಜಲು ಮಜಲಾಗಿ ಏರುವ ಪೀಠ, ಮಜಲುಗಳಲ್ಲಿ ಕುರಿಗಳು, ಮಧ್ಯೆ ನೀರಿನ ಬುಗ್ಗೆ. ತುದಿಯಲ್ಲಿ ಬಾಲಯೇಸು ಕೂತಿದ್ದಾನೆ, ಉಣ್ಣೆಯ ಅಂಗಿ, ಹೆಗಲ ಮೇಲೊಂದು ಮರಿ, ತೊಡೆಯ ಮೇಲೊಂದು. ಕಾಲು ಅಡ್ಡ ಹಾಕಿ, ಕೆನ್ನೆಗೆ ಕೈ ಕೊಟ್ಟು, ಕಣ್ಣು ಮುಚ್ಚಿದ್ದಾನೆ. ಬುದ್ಧನ ಛಾಯೆ ಅದರಲ್ಲಿದೆ ಅಂತ ಕಲೆಯ ಇತಿಹಾಸಕಾರರು ಹೇಳುತ್ತಾರೆ, ನೋಡಿದರೆ ಒಪ್ಪಬೇಕು ಅನ್ನಿಸುತ್ತದೆ. ನಮ್ಮ ಮಲೆನಾಡಿಗೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರಲ್ಲಿ ಬಹಳಷ್ಟು ಜನರ ಹಿರಿಯರ ಬೇರು ಗೋವಾದ್ದು. ನಿಮ್ಮ ಪಕ್ಕದ ಮನೆಯವರದೂ ಹಾಗೇ ಇದ್ದರೆ ಆಶ್ಚರ್ಯ ಇಲ್ಲ.

ಈಗ ಕ್ರೈಸ್ತ ಸಭೆಯ, ಅಂದರೆ ಚರ್ಚಿನ ವಿಷಯ. ಮೀನು ಹಿಡಿಯುತ್ತಿದ್ದ ಶಿಷ್ಯ ಪೇತ್ರನಿಗೆ ಯೇಸು ಮೂರು ಸಲ ನನ್ನ ಕುರಿಗಳನ್ನು ಮೇಯಿಸು ಅಂತ ಒಪ್ಪಿಸುತ್ತಾನೆ. ನನ್ನ ಕುರಿಗಳು ಅನ್ನುತ್ತಾನೆ, ನಿನ್ನ ಅನ್ನುವುದಿಲ್ಲ. ಬಿಷಪ್ ಕೈಯಲ್ಲಿ ಹಿಡಿಯುವ ಬಾಗಿದ ಕೋಲು ಇದರ ಗುರುತು. ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, 1988ರಲ್ಲಿ ಆಯಿತು. ಅದರಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳೂ ಸೇರಿವೆ, ಅಂದರೆ ಅಡಕೆ ತೋಟದವರೂ ಕುರಿ ಸೀಮೆಯವರೂ ಒಂದೇ ಕೋಲಿನ ಕೆಳಗೆ. ಪೋಪ್ ಫ್ರಾನ್ಸಿಸ್ ಅಧಿಕಾರಕ್ಕೆ ಬಂದ ತಿಂಗಳೇ, 2013ರ ಮಾರ್ಚ್‌ನಲ್ಲಿ, ಪಾದ್ರಿಗಳ ಮೈಯಿಂದ ಕುರಿಯ ವಾಸನೆ ಬರಬೇಕು ಅಂದರು. ಮಂದೆಯ ಹತ್ತಿರ ನಿಂತವರಿಗೆ ಆ ವಾಸನೆ ಎಂಥದು ಅಂತ ಗೊತ್ತು, ಗಂಧದ ಧೂಪಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆದರೆ ನಿಮ್ಮ ಅನುಮಾನಕ್ಕೆ ಬೆಲೆ ಇಲ್ಲ ಅನ್ನುತ್ತಿಲ್ಲ. ನೀವು ಕುರಿಗಳು, ನಾನು ಕುರುಬ, ಪ್ರಶ್ನೆ ಕೇಳಬೇಡಿ ಅಂತ ಈ ಚಿತ್ರವನ್ನು ಬಳಸಿಕೊಂಡವರು ಎಲ್ಲ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಅಂಥವರು ಯೆಹೆಜ್ಕೇಲನ 34 ಓದಿದ ಹಾಗೆ ಕಾಣುವುದಿಲ್ಲ. ಅಲ್ಲಿ ಕುರಿಗಳಿಗೂ ಬೈಗುಳ ಇದೆ, ಅದು ಪೆದ್ದುತನಕ್ಕಲ್ಲ. ಬಲಿತ ಕುರಿಗಳು ತಾವು ಮೇಯ್ದು ಉಳಿದ ಹುಲ್ಲನ್ನು ತುಳಿದುಹಾಕುತ್ತವೆ, ತಾವು ಕುಡಿದು ಉಳಿದ ನೀರನ್ನು ಕಾಲಿನಿಂದ ಕಲಕುತ್ತವೆ, ಬಡ ಕುರಿಗಳು ಆ ಬಗ್ಗಡ ಕುಡಿಯಬೇಕು, ಕೊಬ್ಬಿದ್ದಕ್ಕೂ ಸೊರಗಿದ್ದಕ್ಕೂ ನಡುವೆ ನಾನೇ ನ್ಯಾಯ ಮಾಡುತ್ತೇನೆ ಅನ್ನುತ್ತಾನೆ ದೇವರು. ನೀರಿನ ಪಾಳಿಗೆ ಜಗಳ ಆಡುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಕ್ಕದ ಮನೆಯವರ ಹತ್ತಿರವೇ ಕೇಳಬಹುದಾ ಅಂತ ಹಿಂಜರಿಕೆ ಇದ್ದರೆ, ಖಂಡಿತ ಕೇಳಿ, ಬೇಜಾರಾಗುವ ಪ್ರಶ್ನೆ ಅಲ್ಲ. ಅವರು ಕಥೋಲಿಕರಾಗಿದ್ದರೆ ಒಳ್ಳೆಯ ಕುರುಬನ ಭಾನುವಾರ ಯಾವಾಗ ಅಂತ ವಿಚಾರಿಸಿ. ಈಸ್ಟರ್ ಭಾನುವಾರವನ್ನೇ ಒಂದು ಅಂತ ಎಣಿಸಿದರೆ ಅದು ನಾಲ್ಕನೆಯದು. ಅವತ್ತು ಪೂಜೆಯಲ್ಲಿ ಯೊವಾನ್ನನ 10ನೇ ಅಧ್ಯಾಯವನ್ನೇ ಓದುತ್ತಾರೆ, ಒಂದೊಂದು ವರ್ಷ ಒಂದೊಂದು ಭಾಗದಂತೆ ಮೂರು ವರ್ಷಕ್ಕೆ ಒಂದು ಸುತ್ತು. ಕೂಲಿಯವನು ಮತ್ತು ತೋಳದ ಭಾಗ ಬರುವುದು ಎರಡನೇ ವರ್ಷದಲ್ಲಿ. ಹಿಂದೆ ಕೂತು ಕೇಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ.